ಒಂದು ತಿಂಗಳಿಗೆಂದು ಬಂದ ಕವಿ

ವ್ಯಸನಮುಕ್ತಿ ವಾರ್ಡಿನ ಹೊರಗೆ ಒಂದು ಸಿಮೆಂಟು ಕಟ್ಟೆ ಇದೆ. ಹೋದ ವರ್ಷದ ಮಳೆಗಾಲದಲ್ಲಿ 21 ದಿನ ಆ ಕಟ್ಟೆಯ ಮೇಲೆ ಕುಳಿತು ನಾನು ಕೆ-ಸೆಟ್ ಪರೀಕ್ಷೆಗೆ ಓದಿದೆ. ಒಳಗೆ ಅಣ್ಣನಿದ್ದ. ಅವನನ್ನು ದಾಖಲು ಮಾಡಿದ್ದು ಅದು ಮೂರನೇ ಸಲ. ರೋಗಿಯ ಜೊತೆ ಮನೆಯವರೊಬ್ಬರು ಇರಲೇಬೇಕು ಎಂಬ ನಿಯಮ. ಅಪ್ಪ ಇಲ್ಲ, ಅವ್ವನಿಗೆ ಮಂಡಿನೋವು, ಅತ್ತಿಗೆ ಮಗುವನ್ನು ಕರೆದುಕೊಂಡು ತವರಿಗೆ ಹೋಗಿ ಎಂಟು ತಿಂಗಳಾಗಿತ್ತು. ಎಂ.ಎ. ಮುಗಿಸಿ ಎರಡು ವರ್ಷದಿಂದ ಕೆಲಸ ಹುಡುಕುತ್ತಿರುವ ನಾನೊಬ್ಬಳೇ ಮನೆಯಲ್ಲಿ ಬಿಡುವಾಗಿದ್ದವಳು.

ನನ್ನ ವಿಷಯ ಇಂಗ್ಲಿಷ್ ಸಾಹಿತ್ಯ. ಗೈಡಿನಲ್ಲಿ ಸ್ಯಾಮ್ಯುಯೆಲ್ ಟೇಲರ್ ಕೋಲ್‌ರಿಜ್‌ಗೆ ಎರಡೂವರೆ ಪುಟ. ಹುಟ್ಟಿದ್ದು 1772, ತೀರಿಕೊಂಡಿದ್ದು 1834. ವರ್ಡ್ಸ್‌ವರ್ತ್ ಜೊತೆ ಸೇರಿ 1798ರಲ್ಲಿ ಲಿರಿಕಲ್ ಬ್ಯಾಲಡ್ಸ್. ಅಫೀಮಿನ ಮಂಪರಿನಲ್ಲಿ ಕಂಡ ಕನಸಿನಿಂದ ಕುಬ್ಲಾ ಖಾನ್. ಪದವಿಯಲ್ಲಿ ಇಂಗ್ಲಿಷ್ ಓದಿದವರಿಗೆಲ್ಲ ಇಷ್ಟು ಗೊತ್ತು, ಪರೀಕ್ಷೆಗೆ ಇಷ್ಟು ಸಾಕು ಕೂಡ. ಆ ಅಫೀಮಿನ ಮಾತು ಬಂದಾಗ ತರಗತಿಯಲ್ಲಿ ಯಾರಾದರೂ ಒಂದು ಜೋಕು ಹೇಳುತ್ತಾರೆ, ಎಲ್ಲರೂ ನಗುತ್ತಾರೆ. ನಾನೂ ನಕ್ಕಿದ್ದೇನೆ. ಕಟ್ಟೆಯ ಮೇಲೆ ಕುಳಿತು ಅದೇ ಸಾಲನ್ನು ಓದಿದಾಗ ಮಾತ್ರ ನಗು ಬರಲಿಲ್ಲ. ಆ ಕನಸು ಕಂಡಿದ್ದು 1797ರಲ್ಲಿ. ಆಮೇಲೆ ಆತ 37 ವರ್ಷ ಬದುಕಿದ್ದನಲ್ಲ, ಆ ಅಫೀಮು ಏನಾಯಿತು? ಗೈಡಿನಲ್ಲಿ ಉತ್ತರ ಇರಲಿಲ್ಲ. ಮೊದಲು ಮೊಬೈಲಿನಲ್ಲಿ ಹುಡುಕಿದೆ, ಆಮೇಲೆ ಗೆಳತಿಯೊಬ್ಬಳ ಕಾರ್ಡಿನಲ್ಲಿ ಗ್ರಂಥಾಲಯದಿಂದ ದಪ್ಪನೆಯ ಜೀವನಚರಿತ್ರೆ ತರಿಸಿಕೊಂಡೆ. ಓದುತ್ತಾ ಹೋದಂತೆ ಪರೀಕ್ಷೆ ಮರೆತೇಹೋಯಿತು.

ಇಂಗ್ಲೆಂಡಿನ ಡೆವನ್ ಸೀಮೆಯ ಆಟರಿ ಸೇಂಟ್ ಮೇರಿ ಎಂಬ ಊರಿನ ಪಾದ್ರಿಯ ಮಗ ಈ ಕೋಲ್‌ರಿಜ್. ಎರಡನೇ ಹೆಂಡತಿಯ ಹತ್ತು ಮಕ್ಕಳಲ್ಲಿ ಕೊನೆಯವನು. ಅಪ್ಪನಿಗೆ ಮುದ್ದಿನವನು, ಆ ಕಾರಣಕ್ಕೇ ಅಣ್ಣಂದಿರ ಕಣ್ಣು ಕೆಂಪಾಗುತ್ತಿತ್ತು. ಅವನಿಗಿಂತ ಎರಡು ವರ್ಷ ದೊಡ್ಡವನು ಫ್ರಾಂಕ್. ಒಂದು ಸಂಜೆ ಚೀಸ್ ತುಂಡಿನ ವಿಷಯಕ್ಕೆ ಇಬ್ಬರಿಗೂ ಜಗಳವಾಗಿ, ಚಿಕ್ಕವನು ಚಾಕು ಹಿಡಿದು ಅಣ್ಣನ ಮೇಲೆ ಏರಿಹೋದ. ಅಷ್ಟರಲ್ಲಿ ಅಮ್ಮ ಬಂದಳು. ಹೊಡೆತಕ್ಕೆ ಹೆದರಿ ಹುಡುಗ ಮನೆಬಿಟ್ಟು ಓಡಿದ, ರಾತ್ರಿಯೆಲ್ಲ ನದಿಯ ದಂಡೆಯಲ್ಲಿ ಚಳಿಯಲ್ಲಿ ಮಲಗಿದ. ಊರವರು ಹುಡುಕಿ ಹುಡುಕಿ ಬೆಳಗ್ಗೆ ಎತ್ತಿಕೊಂಡು ಬಂದರು. ಆಮೇಲೆ ವರ್ಷಗಟ್ಟಲೆ ಚಳಿಜ್ವರ ಕಾಡಿತೆಂದು ಆತ ಬರೆದುಕೊಂಡಿದ್ದಾನೆ.

ಈ ಫ್ರಾಂಕ್ ಎಂಬುವನ ಹೆಸರು ಓದಿ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕುಳಿತಿದ್ದೆ. 1781ರ ಅಕ್ಟೋಬರಿನಲ್ಲಿ ಅವನನ್ನು ಹಡಗಿನ ಕೆಲಸಕ್ಕೆ ಸೇರಿಸಲು ಅಪ್ಪ ಪ್ಲಿಮತ್ ಬಂದರಿಗೆ ಕರೆದುಕೊಂಡು ಹೋದರು, ಬಿಟ್ಟು ಮನೆಗೆ ಮರಳಿದ ರಾತ್ರಿಯೇ ತೀರಿಕೊಂಡರು. ಫ್ರಾಂಕ್ ಭಾರತಕ್ಕೆ ಬಂದ, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೇರಿದ. ಟಿಪ್ಪುವಿನ ವಿರುದ್ಧ ಕಾರ್ನ್‌ವಾಲಿಸ್ 1792ರ ಫೆಬ್ರುವರಿಯಲ್ಲಿ ಹಾಕಿದ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಹೋರಾಡಿದ. ಅದೇ ವರ್ಷ, ಇನ್ನೂ ಇಪ್ಪತ್ತೆರಡರ ಆಸುಪಾಸಿನಲ್ಲಿ, ತಮ್ಮನನ್ನು ಮತ್ತೆ ನೋಡದೆ ಸತ್ತ. ಶ್ರೀರಂಗಪಟ್ಟಣ ನಮ್ಮೂರಿಗೆ ಹನ್ನೆರಡು ಕಿಲೋಮೀಟರ್. ಅಣ್ಣ ಬೆಲ್ಲದ ಲೋಡು ತುಂಬಿದ ಟೆಂಪೊ ಓಡಿಸುತ್ತಾ ಆ ಕೋಟೆಯ ಪಕ್ಕದಲ್ಲೇ ದಿನವೂ ಹೋಗುತ್ತಿದ್ದ.

ಅಪ್ಪ ಸತ್ತ ಮೇಲೆ ಕೋಲ್‌ರಿಜ್‌ನನ್ನು ಲಂಡನ್ನಿನ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಧರ್ಮಾರ್ಥ ಶಾಲೆಗೆ ಸೇರಿಸಿದರು. ಹೆಸರಿನಲ್ಲಿ ಹಾಸ್ಪಿಟಲ್ ಇದ್ದರೂ ಅದು ಹಾಸ್ಟೆಲ್ ಇರುವ ಶಾಲೆ. ಅಲ್ಲಿ ಚಾರ್ಲ್ಸ್ ಲ್ಯಾಂಬ್ ಎಂಬ ಗೆಳೆಯ ಸಿಕ್ಕಿದ, ಸಾಯುವ ತನಕ ಕೈಬಿಡದ ಗೆಳೆಯ. ಬಟ್ಟೆ ಸಮೇತ ಕಾಲುವೆಯಲ್ಲಿ ಈಜಿ, ಒದ್ದೆಯಲ್ಲೇ ತಿರುಗಾಡಿ ಸಂಧಿವಾತದ ಜ್ವರ ತಂದುಕೊಂಡಿದ್ದೂ ಅಲ್ಲೇ. ಆಮೇಲೆ ಕೇಂಬ್ರಿಡ್ಜ್. ಬುದ್ಧಿಗೆ ಬಹುಮಾನ ಬಂತು, ಖರ್ಚಿಗೆ ಸಾಲ ಬಂತು. ಸಾಲಗಾರರಿಂದ ತಪ್ಪಿಸಿಕೊಳ್ಳಲು 1793ರ ಡಿಸೆಂಬರಿನಲ್ಲಿ ಸುಳ್ಳು ಹೆಸರಿನಲ್ಲಿ ಕುದುರೆ ಪಡೆಗೆ ಸೇರಿಕೊಂಡ. ಕುದುರೆ ಮೇಲೆ ಕೂರಲಿಕ್ಕೇ ಬಾರದ ಸಿಪಾಯಿ! ನಾಲ್ಕು ತಿಂಗಳಲ್ಲಿ ಅಣ್ಣಂದಿರು ದುಡ್ಡು ಕಟ್ಟಿ ಬಿಡಿಸಿಕೊಂಡು ಬಂದರು. ಬಿಡುಗಡೆಯ ದಾಖಲೆಯಲ್ಲಿ ತಲೆ ಸರಿಯಿಲ್ಲ ಎಂದು ಬರೆಯಲಾಗಿತ್ತು. ಪದವಿ ಮುಗಿಸಲಿಲ್ಲ. ಸದೀ ಎಂಬ ಗೆಳೆಯನ ಜೊತೆ ಅಮೆರಿಕಕ್ಕೆ ಹೋಗಿ ಎಲ್ಲರೂ ಸಮಾನರಾಗಿ ಬದುಕುವ ಊರು ಕಟ್ಟುತ್ತೇನೆಂದು ಹೊರಟ. ಊರು ಕಟ್ಟಲಿಲ್ಲ, ಆದರೆ ಆ ಉತ್ಸಾಹದಲ್ಲೇ ಇಬ್ಬರೂ ಅಕ್ಕತಂಗಿಯರನ್ನು ಮದುವೆಯಾದರು. 1795ರಲ್ಲಿ ಸಾರಾ ಫ್ರಿಕರ್ ಅವನ ಕೈಹಿಡಿದಳು. ಪಾಪ, ಆ ಹೆಣ್ಣುಮಗಳ ಬಗ್ಗೆ ನಮ್ಮ ಗೈಡುಗಳಲ್ಲಿ ಒಂದು ಸಾಲೂ ಇಲ್ಲ.

ಅವನ ಬದುಕಿನ ಒಳ್ಳೆಯ ಕಾಲ 1797 ಮತ್ತು 1798. ಸಾಮರ್ಸೆಟ್ ಸೀಮೆಯ ನೆದರ್ ಸ್ಟೋವಿ ಎಂಬ ಹಳ್ಳಿಯ ಸಣ್ಣ ಮನೆ. ನಡೆದು ಹೋಗುವಷ್ಟು ದೂರದಲ್ಲಿ ವರ್ಡ್ಸ್‌ವರ್ತ್ ಮತ್ತು ಅವನ ತಂಗಿ ಡೊರೊತಿ. ನಾವು ಇಂದಿಗೂ ಓದುವ ಮುದಿ ನಾವಿಕನ ದೀರ್ಘ ಕವಿತೆ, ಕುಬ್ಲಾ ಖಾನ್, ಕ್ರಿಸ್ಟಬೆಲ್‌ನ ಮೊದಲ ಭಾಗ, ಎಲ್ಲವೂ ಆ ಒಂದೂವರೆ ವರ್ಷದಲ್ಲಿ ಹುಟ್ಟಿದವು. ವೆಜ್‌ವುಡ್ ಸೋದರರು ಬರವಣಿಗೆಗೆಂದೇ ವರ್ಷಕ್ಕೆ 150 ಪೌಂಡ್ ಕೊಡಲು ಮುಂದಾದರು. ಇಪ್ಪತ್ತೈದು ವಯಸ್ಸಿಗೆ ಕೆಲಸದ ಚಿಂತೆಯೇ ಇಲ್ಲ ಎಂದರೆ ಹೇಗಿರುತ್ತದೆ, ನನಗೆ ಊಹಿಸಲಿಕ್ಕೂ ಆಗದು.

ಲಾಡನಂ ಎನ್ನುವುದು ಅಫೀಮನ್ನು ಮದ್ಯಸಾರದಲ್ಲಿ ಕರಗಿಸಿದ ಕಂದು ದ್ರವ. ಆ ಕಾಲದ ಇಂಗ್ಲೆಂಡಿನಲ್ಲಿ ಅದು ಕಳ್ಳಮಾಲಾಗಿರಲಿಲ್ಲ. ಹಲ್ಲುನೋವು, ಭೇದಿ, ಕೆಮ್ಮು, ನಿದ್ದೆಗೇಡು, ಎಲ್ಲಕ್ಕೂ ಅದೇ. ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಗುತ್ತಿತ್ತು, ಅಳುವ ಕೂಸಿಗೂ ಹನಿ ಹಾಕುತ್ತಿದ್ದರು. ಯಾರು ಬೇಕಾದರೂ ಮಾರಬಹುದು ಎಂಬುದಕ್ಕೆ ಕಾನೂನಿನ ತಡೆ ಬಂದಿದ್ದು 1868ರಲ್ಲಿ. ಕೋಲ್‌ರಿಜ್ ಅದನ್ನು ಮೋಜಿಗೆ ಶುರುಮಾಡಲಿಲ್ಲ. 1796ರಲ್ಲಿ ಮುಖದ ನರನೋವಿಗೆ ಹನಿ ಲೆಕ್ಕದಲ್ಲಿ ಕುಡಿದ. 1800ರಲ್ಲಿ ಉತ್ತರದ ಕೆಸ್ವಿಕ್ ಊರಿಗೆ ಸಂಸಾರ ಸಾಗಿಸಿದ ಮೇಲೆ, ಅಲ್ಲಿನ ತೇವಕ್ಕೆ ಕೀಲುಗಳು ಊದಿಕೊಂಡು ಹಾಸಿಗೆ ಹಿಡಿದಾಗ ಹನಿ ಚಮಚವಾಯಿತು. ಸುಮಾರು ಆ ಹೊತ್ತಿಗೆ ಔಷಧಿ ಅವನನ್ನು ಕುಡಿಯತೊಡಗಿತ್ತು.

ಇಲ್ಲಿಂದ ಮುಂದಿನ ಹದಿನಾರು ವರ್ಷಗಳನ್ನು ಓದುವಾಗ ನನಗೆ ನಮ್ಮ ಮನೆಯ ಕತೆಯನ್ನೇ ಬೇರೆ ಯಾರೋ ಬರೆದಂತೆ ಅನಿಸಿತು.

ಮೊದಲ ಉಪಾಯ, ತಾನೇ ಬಿಡುವುದು. 1803ರಲ್ಲಿ ವರ್ಡ್ಸ್‌ವರ್ತ್ ಮತ್ತು ಡೊರೊತಿ ಜೊತೆ ಸ್ಕಾಟ್ಲೆಂಡ್ ಪ್ರವಾಸ ಹೋದವನು ದಾರಿಯಲ್ಲೇ ಬೇರೆಯಾಗಿ, ಎಂಟು ದಿನದಲ್ಲಿ 263 ಮೈಲಿ ಒಬ್ಬನೇ ನಡೆದ. ಅಫೀಮನ್ನು ದೇಹದಿಂದ ಓಡಿಸುವ ಹಟ. ಹಗಲು ನಡೆದು ದಣಿದರೂ ರಾತ್ರಿ ಕಣ್ಣು ಮುಚ್ಚಿದರೆ ಭಯಂಕರ ಕನಸು, ತನ್ನ ಕೂಗಿಗೆ ತಾನೇ ಎಚ್ಚರ. ನಿದ್ದೆಯ ಆ ನೋವನ್ನೇ ಕವಿತೆಯಾಗಿ ಬರೆದ. ಹಟ ಗೆಲ್ಲಲಿಲ್ಲ. ನಮ್ಮಣ್ಣ ಅಯ್ಯಪ್ಪ ಮಾಲೆ ಹಾಕಿದ್ದು ಎರಡು ಸಲ. 41 ದಿನ ಒಂದು ತೊಟ್ಟೂ ಮುಟ್ಟಲಿಲ್ಲ. ಮಾಲೆ ತೆಗೆದ ಸಂಜೆ ಟೆಟ್ರಾ ಪ್ಯಾಕ್ ಹಿಡಿದೇ ಮನೆಗೆ ಬಂದ.

ಎರಡನೆಯದು, ಊರು ಬದಲಿಸುವುದು. 1804ರಲ್ಲಿ ಮಾಲ್ಟಾ ದ್ವೀಪಕ್ಕೆ ಹಡಗು ಹತ್ತಿದ. ಬಿಸಿಲಿನ ಊರು, ಗವರ್ನರ್ ಕಚೇರಿಯಲ್ಲಿ ಗೌರವದ ಕೆಲಸ. ಕೆಲಸ ಚೆನ್ನಾಗಿಯೇ ಮಾಡಿದ, ಅಫೀಮೂ ಜೊತೆಗೇ ಇತ್ತು. 1806ರಲ್ಲಿ ಮರಳಿದಾಗ ಗೆಳೆಯರಿಗೇ ಗುರುತು ಹತ್ತದಷ್ಟು ಊದಿಕೊಂಡಿದ್ದ. ಹೆಂಡತಿಯಿಂದ ಬೇರೆಯಾದ. ಮೂರು ಮಕ್ಕಳನ್ನೂ ತಾಯಿಯನ್ನೂ ನೋಡಿಕೊಂಡಿದ್ದು ಷಡ್ಡಕ ಸದೀ. ಪತ್ರಿಕೆ ಶುರುಮಾಡಿದ, ಅದು ನಿಂತಿತು. ಉಪನ್ಯಾಸ ಒಪ್ಪಿಕೊಂಡು ಕೆಲವೊಮ್ಮೆ ಹೋಗಲೇ ಇಲ್ಲ. 1810ರಲ್ಲಿ ಒಬ್ಬ ಪರಿಚಯಸ್ಥ ಅವನನ್ನು ಲಂಡನ್ನಿನ ತನ್ನ ಮನೆಯಲ್ಲಿಟ್ಟುಕೊಳ್ಳಲು ಮುಂದಾದಾಗ, ಅವನ ಚಟದ ಬಗ್ಗೆ ವರ್ಡ್ಸ್‌ವರ್ತ್ ಗುಟ್ಟಾಗಿ ಎಚ್ಚರಿಸಿದ. ಆ ಗುಟ್ಟು ಕೋಲ್‌ರಿಜ್ ಕಿವಿಗೇ ಬಿತ್ತು. ಇಂಗ್ಲಿಷ್ ಕಾವ್ಯದ ಅಷ್ಟು ದೊಡ್ಡ ಗೆಳೆತನ ಅಲ್ಲಿಗೆ ಬಿರುಕುಬಿಟ್ಟಿತು. ಎಚ್ಚರಿಸಿದ್ದು ತಪ್ಪೇ? ಅಣ್ಣನಿಗೆ ಹೆಣ್ಣು ನೋಡುವಾಗ ಅತ್ತಿಗೆಯ ಮನೆಯವರಿಗೆ ನಾವು ಏನೂ ಹೇಳಿರಲಿಲ್ಲ. ಹೇಳಬೇಕಿತ್ತು ಎಂದು ನನಗೀಗ ಅನಿಸುತ್ತದೆ. ಹೇಳಿದ್ದರೆ ಅಣ್ಣ ನಮ್ಮನ್ನು ಕ್ಷಮಿಸುತ್ತಿರಲಿಲ್ಲ ಎಂಬುದೂ ನಿಜ.

ಮೂರನೆಯದು, ಮನೆಯಲ್ಲಿ ಕಾವಲು. 1813ರ ಕೊನೆಗೆ ಪೂರ್ತಿ ಕುಸಿದು, ಮುಂದಿನ ವರ್ಷ ಬ್ರಿಸ್ಟಲ್‌ನಲ್ಲಿ ಜೋಸೈಯಾ ವೇಡ್ ಎಂಬ ಗೆಳೆಯನ ಮನೆಯಲ್ಲಿ ಮಲಗಿದ್ದ. ವೈದ್ಯರು ಬಂದು ಹೋಗುತ್ತಿದ್ದರು. ಎಲ್ಲಿ ಹೋದರೂ ಹಿಂದೆ ಹೋಗಿ ಅಂಗಡಿ ಹೊಕ್ಕದಂತೆ ನೋಡಿಕೊಳ್ಳಲು ಒಬ್ಬ ಆಳನ್ನೂ ಇಟ್ಟರು. ಅಷ್ಟು ಕಾವಲಿನಲ್ಲೂ ಆಳಿನ ಕಣ್ಣು ತಪ್ಪಿಸಿ ಲಾಡನಂ ತರಿಸಿಕೊಂಡ. ಅವ್ವನೂ ಒಮ್ಮೆ ಅಣ್ಣನನ್ನು ಕೋಣೆಯೊಳಗೆ ಹಾಕಿ ಚಿಲಕ ಜಡಿದು ಹೊಸಿಲಲ್ಲಿ ಮಲಗಿದ್ದಳು. ಎರಡನೇ ರಾತ್ರಿ ಅವನಿಗೆ ಫಿಟ್ಸ್ ಬಂತು. ನಾವು ಮೊದಲ ಸಲ ಆಸ್ಪತ್ರೆ ಮೆಟ್ಟಿಲು ಹತ್ತಿದ್ದು ಹಾಗೆ. ವರ್ಷಗಟ್ಟಲೆ ದಿನವೂ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್, ಸನ್ನಿ ಬರಬಹುದು, ಪ್ರಾಣವೇ ಹೋಗಬಹುದು, ಆದ್ದರಿಂದ ಅಂಥವರಿಗೆ ಮೊದಲ ದಿನಗಳು ವೈದ್ಯರ ಕಣ್ಣೆದುರೇ ಕಳೆಯಬೇಕು ಎಂದು ಅಲ್ಲಿನ ಡಾಕ್ಟರ್ ಹೇಳುವವರೆಗೆ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಬ್ರಿಸ್ಟಲ್‌ನಲ್ಲಿ ಮಲಗಿದ್ದಾಗಲೇ ಕೋಲ್‌ರಿಜ್ ತನ್ನ ಹಳೆಯ ಪ್ರಕಾಶಕ ಜೋಸೆಫ್ ಕಾಟಲ್‌ಗೆ ಒಂದು ಪತ್ರ ಬರೆದ. 1814ರ ಏಪ್ರಿಲ್ ತಿಂಗಳು. ಆ ಪತ್ರವನ್ನು ನಾನು ನಾಲ್ಕು ಸಲ ಓದಿದೆ. ತನ್ನದು ಒಂದು ಬಗೆಯ ಹುಚ್ಚು, ಆದರೆ ಕೆಟ್ಟಿರುವುದು ಬುದ್ಧಿಯಲ್ಲ, ಇಚ್ಛಾಶಕ್ತಿ ಎಂದು ಅದರಲ್ಲಿ ವಿವರಿಸುತ್ತಾನೆ. ಮನಸ್ಸು ಗಟ್ಟಿ ಮಾಡಿಕೋ ಎಂದು ಅವನಿಗೆ ಹೇಳುವುದು, ಎರಡೂ ಕೈ ಲಕ್ವ ಹೊಡೆದವನಿಗೆ ಕೈ ಉಜ್ಜಿಕೋ, ಸರಿಹೋಗುತ್ತದೆ ಎಂದು ಹೇಳಿದಂತೆ. ಆಮೇಲೆ ಲೆಕ್ಕ ಹಾಕುತ್ತಾನೆ. ಕೈಯಲ್ಲಿ 200 ಪೌಂಡ್ ಇದ್ದಿದ್ದರೆ ಅರ್ಧ ಹೆಂಡತಿಗೆ ಕಳಿಸಿ, ಇನ್ನರ್ಧದಲ್ಲಿ ತಾನೇ ಹೋಗಿ ಖಾಸಗಿ ಹುಚ್ಚಾಸ್ಪತ್ರೆಯೊಂದಕ್ಕೆ ಸೇರಿಕೊಳ್ಳುತ್ತಿದ್ದ. ವೈದ್ಯ ಕೊಟ್ಟಿದ್ದು ಬಿಟ್ಟು ಬೇರೇನೂ ಕೈಗೆ ಸಿಗದ ಜಾಗದಲ್ಲಿ ಎರಡು ಮೂರು ತಿಂಗಳು. ಆಗ ಆಸೆ ಇದೆ ಎನ್ನುತ್ತಾನೆ.

ಯೋಚಿಸಿ ನೋಡಿ. ಒಳರೋಗಿಯಾಗಿ ದಾಖಲಾಗಿ ಚಟ ಬಿಡಿಸಿಕೊಳ್ಳುವುದು ಎಂಬ ಪದ್ಧತಿ ಇನ್ನೂ ರೂಢಿಗೇ ಬಂದಿರಲಿಲ್ಲ. ಚಿಕಿತ್ಸೆ ಹೇಗಿರಬೇಕೆಂದು ರೋಗಿಯೇ ಬರೆದು ಕೇಳುತ್ತಿದ್ದಾನೆ. ಕಾಟಲ್ ಸದೀಯನ್ನು ಕೇಳಿದ. ಸದೀ ಒಪ್ಪಲಿಲ್ಲ. ಇದು ರೋಗವಲ್ಲ, ಚಪಲ, ಮನಸ್ಸು ಮಾಡಿದರೆ ಬಿಡಬಹುದು ಎಂಬುದು ಅವನ ತೀರ್ಮಾನ. ಸದೀ ಕೆಟ್ಟವನಲ್ಲ, ಆ ಸಂಸಾರವನ್ನು ಸಾಕುತ್ತಿದ್ದವನೇ ಅವನು. ನಮ್ಮ ದೊಡ್ಡಪ್ಪನೂ ಕೆಟ್ಟವರಲ್ಲ. ಅವರೂ ಜಗುಲಿ ಮೇಲೆ ಕುಳಿತು ಅದೇ ಮಾತು ಹೇಳಿದ್ದರು.

ಇನ್ನೆರಡು ವರ್ಷ ಹೋದವು. 1816ರ ಏಪ್ರಿಲ್‌ನಲ್ಲಿ ಕೋಲ್‌ರಿಜ್ ಲಂಡನ್ನಿನಲ್ಲಿ ಡಾಕ್ಟರ್ ಜೋಸೆಫ್ ಆಡಮ್ಸ್ ಹತ್ತಿರ ಹೋಗಿ ತನ್ನನ್ನು ಮನೆಯಲ್ಲಿಟ್ಟುಕೊಂಡು ಚಿಕಿತ್ಸೆ ಕೊಡಬಹುದೇ ಎಂದು ಕೇಳಿದ. ಆಡಮ್ಸ್ ಮನೆಯಲ್ಲಿ ಅನುಕೂಲ ಇರಲಿಲ್ಲ. ಊರ ಹೊರಗೆ, ಗುಡ್ಡದ ಮೇಲಿನ ಹೈಗೇಟ್ ಹಳ್ಳಿಯಲ್ಲಿ ತೋಟವಿರುವ ಮನೆಯಲ್ಲಿದ್ದ ಜೇಮ್ಸ್ ಗಿಲ್ಮನ್ ಎಂಬ ಯುವ ಶಸ್ತ್ರವೈದ್ಯನಿಗೆ 9ನೇ ತಾರೀಕು ಪತ್ರ ಬರೆದರು. ಗಿಲ್ಮನ್‌ಗೆ ಮನೆಯಲ್ಲಿ ಯಾರನ್ನೂ ಇಟ್ಟುಕೊಳ್ಳುವ ಯೋಚನೆ ಇರಲಿಲ್ಲ. ಶುಕ್ರವಾರ ಸಂಜೆ ಕೋಲ್‌ರಿಜ್ ಬಂದು ಕುಳಿತು ಮಾತಾಡಿದ. ಆ ಮಾತು ಕೇಳಿದವರು ಇಲ್ಲ ಎನ್ನುವುದು ಕಷ್ಟವಿತ್ತು. ಗಿಲ್ಮನ್ ಒಪ್ಪಿದ.

ಮರುದಿನ ಕೋಲ್‌ರಿಜ್ ಅವನಿಗೆ ಪತ್ರ ಬರೆದ. ಈಗ ವಾರ್ಡಿಗೆ ಸೇರುವಾಗ ನಾವು ಸಹಿ ಹಾಕುವ ಒಪ್ಪಿಗೆ ಪತ್ರ ಇದೆಯಲ್ಲ, ಅದೇ ಇದು ಎನ್ನಬಹುದು. ಬೇರೆ ಯಾವ ವಿಷಯದಲ್ಲೂ ತಾನು ಸುಳ್ಳು ಹೇಳುವವನಲ್ಲ, ಆದರೆ ಈ ಒಂದು ವಿಷಯದಲ್ಲಿ ವಂಚಿಸಬಲ್ಲೆ ಎಂದು ಮೊದಲೇ ಎಚ್ಚರಿಸಿದ. ಇಷ್ಟು ವರ್ಷಗಳಲ್ಲಿ ಲಾಡನಂ ಇಲ್ಲದೆ ಒಟ್ಟಿಗೆ 60 ಗಂಟೆ ಕಳೆದಿಲ್ಲ ಎಂದು ಒಪ್ಪಿಕೊಂಡ. ಮೊದಲ ಒಂದು ವಾರ ಗಿಲ್ಮನ್ ಜೊತೆಯಲ್ಲಿಲ್ಲದೆ ತನ್ನನ್ನು ಮನೆಯಿಂದ ಹೊರಗೆ ಬಿಡಬಾರದು, ಮನೆಯಾಳುಗಳಿಗೂ ಸಹಾಯಕನಿಗೂ ಖಡಾಖಂಡಿತ ಆಜ್ಞೆ ಇರಬೇಕು ಎಂದು ಕೇಳಿಕೊಂಡ. ಅಂದರೆ ಬೀಗದ ಕೈಯನ್ನು ತಾನೇ ಒಯ್ದು ಬೇರೆಯವರ ಕೈಗಿಟ್ಟ. ಬ್ರಿಸ್ಟಲ್‌ನಲ್ಲಿ ಕಾವಲು ಇಟ್ಟಿದ್ದವರು ಗೆಳೆಯರು. ಇಲ್ಲಿ ಕಾವಲು ಕೇಳಿದವನು ಅವನೇ. ಎರಡಕ್ಕೂ ಎಷ್ಟು ವ್ಯತ್ಯಾಸ ಎಂಬುದು ಅಣ್ಣನ ಮೊದಲ ಮತ್ತು ಮೂರನೇ ದಾಖಲಾತಿ ಎರಡನ್ನೂ ಕಂಡ ನನಗೆ ಗೊತ್ತು.

ಏಪ್ರಿಲ್ 15ರ ಸೋಮವಾರ ಆತ ಬಂದ. ಕೈಯಲ್ಲಿ ಕ್ರಿಸ್ಟಬೆಲ್ ಪುಸ್ತಕದ ಕರಡಚ್ಚು. ಇರುವುದು ಒಂದು ತಿಂಗಳು ಎಂದು ಲೆಕ್ಕ. ಆಗ ಅವನಿಗೆ 43 ವರ್ಷ.

ಗಿಲ್ಮನ್ ಮಾಡಿದ್ದರಲ್ಲಿ ಪವಾಡವೇನೂ ಇಲ್ಲ. ಅಫೀಮನ್ನು ಅಳತೆಗೆ ತಂದ. ದಿನಕ್ಕೆ ಇಷ್ಟೇ ಎಂದು ತನ್ನ ಕೈಯಿಂದಲೇ ಕೊಟ್ಟ, ಅದನ್ನೂ ಇಳಿಸುತ್ತಾ ಬಂದ. ಊಟದ ಹೊತ್ತಿಗೆ ಊಟ. ಆನ್ ಗಿಲ್ಮನ್ ಎಂಬ ಗೃಹಿಣಿಯ ಆರೈಕೆ. ಓಡಾಡಲು ತೋಟ ಮತ್ತು ಹೈಗೇಟಿನ ದಾರಿಗಳು. ಶರತ್ಕಾಲದಲ್ಲಿ ಮನೆಯವರ ಜೊತೆ ರ್‍ಯಾಮ್ಸ್‌ಗೇಟ್ ಕಡಲತೀರ, ಸಮುದ್ರಸ್ನಾನ. ಮನೆ ತುಂಬ ಮಕ್ಕಳ ಸದ್ದು. ವರ್ಷಗಳಿಂದ ಊರೂರು ಅಲೆದು ಯಾರದೋ ಮನೆಯ ಅತಿಥಿಯಾಗಿದ್ದವನಿಗೆ ದಿನಕ್ಕೊಂದು ಆಕಾರ ಸಿಕ್ಕಿತು. ವಾರ್ಡಿನಲ್ಲೂ ಹೀಗೆಯೇ. ಆರು ಗಂಟೆಗೆ ಎಬ್ಬಿಸುತ್ತಾರೆ, ಮಾತ್ರೆಯನ್ನು ನರ್ಸ್ ಎದುರಿಗೇ ನುಂಗಿಸುತ್ತಾರೆ, ಹತ್ತು ಗಂಟೆಗೆ ಗುಂಪಿನಲ್ಲಿ ಕೂರಿಸಿ ಮಾತಾಡಿಸುತ್ತಾರೆ, ಸಂಜೆ ವಾಲಿಬಾಲ್. ಬಂದ ಹೊಸದರಲ್ಲಿ ನನಗೆ ಇದೆಲ್ಲ ಹೊತ್ತು ಕಳೆಯುವ ಆಟ ಎನಿಸಿತ್ತು. ಹನ್ನೊಂದನೇ ದಿನ ಅಣ್ಣ ತಾನಾಗಿ ಕೇಳಿ ನನ್ನಿಂದ ಕ್ಷೌರದ ಸಾಮಾನು ತರಿಸಿಕೊಂಡಾಗ ಅರ್ಥವಾಗತೊಡಗಿತು.

ಕೆಲಸವೂ ಮರಳಿತು. ಹೈಗೇಟಿಗೆ ಬಂದ ತಿಂಗಳೊಪ್ಪತ್ತಿನಲ್ಲೇ ಕ್ರಿಸ್ಟಬೆಲ್, ಕುಬ್ಲಾ ಖಾನ್ ಮತ್ತು ನಿದ್ದೆಯ ನೋವಿನ ಕವಿತೆ ಒಟ್ಟಿಗೆ ಅಚ್ಚಾದವು. ಹೌದು, ಸುಮಾರು ಇಪ್ಪತ್ತು ವರ್ಷ ಹಸ್ತಪ್ರತಿಯಲ್ಲೇ ಇದ್ದ ಕುಬ್ಲಾ ಖಾನ್ ಪ್ರಕಟವಾಗಿದ್ದು ಆತ ಚಿಕಿತ್ಸೆಗೆ ಸೇರಿದ ಮೇಲೆ. ನಾವು ಸಾಹಿತ್ಯ ವಿಮರ್ಶೆಯ ಪತ್ರಿಕೆಯಲ್ಲಿ ಓದುವ ಬಯಾಗ್ರಫಿಯಾ ಲಿಟರೇರಿಯಾ 1817ರಲ್ಲಿ ಹೊರಬಂತು, ಅದೇ ವರ್ಷ ಕವಿತೆಗಳ ಸಂಗ್ರಹ. 1818-19ರಲ್ಲಿ ಉಪನ್ಯಾಸಗಳು, ಈ ಸಲ ಹೋಗಿ ಕೊಟ್ಟ. 1825ರಲ್ಲಿ ಏಡ್ಸ್ ಟು ರಿಫ್ಲೆಕ್ಷನ್. 1819ರ ಏಪ್ರಿಲ್‌ನಲ್ಲಿ ಹೈಗೇಟಿನ ಹತ್ತಿರದ ಓಣಿಯೊಂದರಲ್ಲಿ ಕೀಟ್ಸ್ ಎಂಬ ಯುವಕ ಎದುರಾದ, ಇಬ್ಬರೂ ಎರಡು ಮೈಲಿ ಜೊತೆಗೆ ನಡೆದರು. ಮಾತೆಲ್ಲ ಕೋಲ್‌ರಿಜ್‌ದೇ.

ಆದರೆ ನಾನು ಸಿನಿಮಾದ ಕೊನೆ ಹೇಳುತ್ತಿಲ್ಲ. ಹೈಗೇಟಿನಲ್ಲೂ ಆತ ಕದ್ದ. ಅಲ್ಲಿನದೇ ಒಬ್ಬ ಔಷಧಿ ವ್ಯಾಪಾರಿಯಿಂದ ಗಿಲ್ಮನ್‌ಗೆ ತಿಳಿಯದಂತೆ ಹೆಚ್ಚುವರಿ ಲಾಡನಂ ತರಿಸಿಕೊಳ್ಳುತ್ತಿದ್ದ. ಸಾಯುವವರೆಗೂ ಅಫೀಮು ಪೂರ್ತಿ ಬಿಡಲಿಲ್ಲ. ಹಾಗಾದರೆ ಚಿಕಿತ್ಸೆ ಸೋತಿತೇ? ಪುಸ್ತಕದ ಆ ಪುಟದಲ್ಲಿ ಬೆರಳಿಟ್ಟುಕೊಂಡು ಬಹಳ ಹೊತ್ತು ಯೋಚಿಸಿದೆ. 1814ರಲ್ಲಿ ಆತ ಸತ್ತಿದ್ದರೆ ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ. ಬದುಕಿದ, ದುಡಿದ. ಚಟ ಹಿಡಿತದಲ್ಲಿತ್ತು, ಮೊದಲಿನಂತೆ ಮನೆ ಮುಳುಗಿಸಲಿಲ್ಲ. ಈಗಲೂ ಅಫೀಮು ಜಾತಿಯ ಮಾದಕವಸ್ತುಗಳಿಗೆ ಬಿದ್ದವರಲ್ಲಿ ಹಲವರಿಗೆ ಬ್ಯುಪ್ರಿನಾರ್ಫಿನ್‌ನಂಥ ಔಷಧಿಯನ್ನು ವೈದ್ಯರ ಅಳತೆಯಲ್ಲಿ ತಿಂಗಳು, ವರ್ಷಗಟ್ಟಲೆ ಕೊಡುತ್ತಾರೆ. ಮದ್ದು ಬೇರೆ, ವಿಧಾನ ಬೇರೆ, ಆದರೆ ಯಾರ ಕೈಯಿಂದ ಎಷ್ಟು ಎಂಬ ಗಿಲ್ಮನ್‌ನ ಪ್ರಶ್ನೆ ಅದೇ.

ಕದ್ದದ್ದು ತಿಳಿದ ಮೇಲೂ ಗಿಲ್ಮನ್ ದಂಪತಿ ಅವನನ್ನು ಹೊರಗೆ ಹಾಕಲಿಲ್ಲ. ನನಗೆ ಇದು ಎಲ್ಲಕ್ಕಿಂತ ದೊಡ್ಡದಾಗಿ ಕಂಡಿತು. ಏಕೆಂದರೆ ನಮ್ಮ ಮನೆಯಲ್ಲಿ ಆ ಔಷಧಿ ವ್ಯಾಪಾರಿ ನಾನೇ. ಮೊದಲ ಸಲ ಅಣ್ಣ ಅಳುತ್ತಾನೆಂದು ಅವ್ವ ಐದನೇ ದಿನಕ್ಕೇ ಬಿಡಿಸಿಕೊಂಡು ಬಂದಿದ್ದಳು, ಹೋಯಿತು. ಎರಡನೇ ಸಲ ಪೂರ್ತಿ ಮೂರು ವಾರ ಇದ್ದು ಬಂದ, ನಾಲ್ಕು ತಿಂಗಳು ಕುಡಿಯಲಿಲ್ಲ. ಅವನ ಕೈಗೆ ದುಡ್ಡು ಕೊಡಬೇಡಿ ಎಂದು ಡಾಕ್ಟರ್ ಹೇಳಿದ್ದರು. ಒಂದು ದಿನ ಪಂಕ್ಚರ್ ಹಾಕಿಸಬೇಕು, 200 ರೂಪಾಯಿ ಫೋನ್‌ಪೇ ಮಾಡು ಎಂದ. ಪಂಕ್ಚರ್ ಆಗಿಲ್ಲ ಎಂದು ಅವನ ದನಿಯಲ್ಲೇ ಗೊತ್ತಾಯಿತು. ಪರೀಕ್ಷೆಗೆ ಓದುತ್ತಿದ್ದೆ, ವಾದ ಮಾಡಲು ಬೇಜಾರಾಗಿ ಕಳಿಸಿಬಿಟ್ಟೆ. ಇದನ್ನು ಅವ್ವನಿಗೆ ಇವತ್ತಿನವರೆಗೆ ಹೇಳಿಲ್ಲ. ಈ ಪುಟ ಅವಳು ಓದುವುದಿಲ್ಲ, ಅಣ್ಣ ಓದಬಹುದು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ವ್ಯಸನಮುಕ್ತಿ ಎಂಬ ಬೋರ್ಡು ಹಾಕಿಕೊಂಡು ಕೂಡಿಹಾಕಿ ಹೊಡೆಯುವ ಜಾಗಗಳೂ ಇವೆ. ಮನೋವೈದ್ಯರು ಬರುತ್ತಾರೆಯೇ, ರಾತ್ರಿ ನರ್ಸ್ ಇರುತ್ತಾರೆಯೇ, ಮನೆಯವರನ್ನು ಒಳಗೆ ಬಿಡುತ್ತಾರೆಯೇ ಎಂದು ಕೇಳಿಯೇ ಸೇರಿಸಿ. ಮಾನಸಿಕ ರೋಗಿಗಳನ್ನು ಸರಪಳಿಯಿಂದ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ, ಚಟಕ್ಕೆ ಬಿದ್ದವರೂ ಆ ಕಾಯ್ದೆಯ ವ್ಯಾಪ್ತಿಗೆ ಬರುತ್ತಾರೆ. ಬಸ್ಸಿನಲ್ಲಿ ಚೀಟಿ ಅಂಟಿಸಿರುತ್ತಾರಲ್ಲ, ಕುಡುಕರಿಗೆ ತಿಳಿಯದಂತೆ ಸಾಂಬಾರಿಗೆ ಬೆರೆಸುವ ಪುಡಿ ಎಂದು, ಅದರ ತಂಟೆಗೆ ಹೋಗಬೇಡಿ. ಯಾರನ್ನು ಕೇಳುವುದು ಎಂದು ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ.

ಕೋಲ್‌ರಿಜ್‌ನ ಹಿರಿಯ ಮಗ ಹಾರ್ಟ್ಲಿ ಅಪ್ಪನಷ್ಟೇ ಬುದ್ಧಿವಂತ. ಆಕ್ಸ್‌ಫರ್ಡಿನ ಓರಿಯಲ್ ಕಾಲೇಜಿನಲ್ಲಿ ಫೆಲೋ ಆಗಿ ಆಯ್ಕೆಯಾದ, 1820ರಲ್ಲಿ ಕುಡಿತದ ಕಾರಣಕ್ಕೆ ಆ ಕೆಲಸ ಕಳೆದುಕೊಂಡ. ಅಪ್ಪ ಓಡಾಡಿದ, ಪತ್ರ ಬರೆದ, ಕಾಲೇಜು ಕೇಳಲಿಲ್ಲ. ಅವನಿಗೊಬ್ಬ ಗಿಲ್ಮನ್ ಸಿಗಲಿಲ್ಲ. 1823ರ ಆರಂಭದಲ್ಲಿ ಹೆಂಡತಿ ಮತ್ತು ಮಗಳು ಸಾರಾ ಹೈಗೇಟಿಗೆ ಬಂದು ಉಳಿದುಕೊಂಡು ಹೋದರು. ಮಗಳು ಎಷ್ಟೋ ವರ್ಷಗಳ ಮೇಲೆ ಅಪ್ಪನ ಮುಖ ನೋಡಿದ್ದು. ಅವಳಿಗಾಗ ಇಪ್ಪತ್ತು ವರ್ಷ. 1828ರಲ್ಲಿ ವರ್ಡ್ಸ್‌ವರ್ತ್ ಮತ್ತು ಅವನ ಮಗಳ ಜೊತೆ ರೈನ್ ನದಿಯ ಕಡೆ ಪ್ರವಾಸ ಹೋದ. ಹಳೆಯ ಬಿರುಕು ಪೂರ್ತಿ ಮುಚ್ಚಿತೆಂದು ಯಾರೂ ಹೇಳಿಲ್ಲ, ಆದರೆ ಒಂದೇ ಗಾಡಿಯಲ್ಲಿ ಕುಳಿತರು.

1823ರ ಕೊನೆಗೆ ಗಿಲ್ಮನ್ ಸಂಸಾರ ಹೈಗೇಟಿನಲ್ಲೇ ಬೇರೆ ಮನೆಗೆ ಹೋದಾಗ ಕೋಲ್‌ರಿಜ್‌ನನ್ನೂ ಕರೆದೊಯ್ದರು. ಮೇಲಿನ ಅಂತಸ್ತಿನಲ್ಲಿ ಪುಸ್ತಕ ತುಂಬಿದ ಕೋಣೆ. ಗುರುವಾರ ಸಂಜೆ ಯುವಕರು ಬಂದು ಸೇರುತ್ತಿದ್ದರು. 1834ರ ಜುಲೈ 25ರಂದು ಆ ಮನೆಯಲ್ಲೇ ತೀರಿಕೊಂಡ, 61ನೇ ವಯಸ್ಸಿನಲ್ಲಿ. ಒಂದು ತಿಂಗಳಿಗೆಂದು ಬಂದವನು 18 ವರ್ಷ ಇದ್ದ. ಗಿಲ್ಮನ್ ಅವನ ಜೀವನಚರಿತ್ರೆ ಬರೆಯತೊಡಗಿ ಮೊದಲ ಸಂಪುಟವನ್ನಷ್ಟೇ ಹೊರತಂದು, ಮರುವರ್ಷ ತಾನೂ ತೀರಿಕೊಂಡ.

ಅಣ್ಣನನ್ನು 22ನೇ ದಿನ ಬಿಟ್ಟರು. ಈಗ ಹತ್ತು ತಿಂಗಳು. ನಡುವೆ ಒಂದು ರಾತ್ರಿ, ಊರಹಬ್ಬದ ದಿನ, ಕುಡಿದು ಬಂದ. ಯಾರೂ ಬೈಯಲಿಲ್ಲ. ಬೆಳಗ್ಗೆ ಅವನೇ ಎದ್ದು ಬಸ್ ಸ್ಟ್ಯಾಂಡಿಗೆ ಹೊರಟ, ನಾನೂ ಜೊತೆಗೆ ಹೋದೆ. ಡಾಕ್ಟರ್ ನಾಲ್ಕು ದಿನ ಇಟ್ಟುಕೊಂಡು ಕಳಿಸಿದರು. ಮಾತ್ರೆಯ ಡಬ್ಬಿ ಅವ್ವನ ಸೆರಗಿನ ಗಂಟಿನ ಬೀಗದಲ್ಲಿದೆ. ದಿನವೂ ರಾತ್ರಿ ಊಟವಾದ ಮೇಲೆ ಅಣ್ಣ ಕೈಚಾಚುತ್ತಾನೆ, ಅವಳು ಒಂದನ್ನು ಕೊಡುತ್ತಾಳೆ. ಕೆ-ಸೆಟ್‌ನಲ್ಲಿ ನನಗೆ ನಾಲ್ಕು ಅಂಕ ಕಡಿಮೆ ಬಿತ್ತು. ಈ ವರ್ಷ ಮತ್ತೆ ಅರ್ಜಿ ಹಾಕಿದ್ದೇನೆ. ಹೋದ ಭಾನುವಾರ ಅತ್ತಿಗೆ ಫೋನ್ ಮಾಡಿ, ಮಗುವಿಗೆ ಶಾಲೆ ರಜೆ, ಎರಡು ದಿನ ಬಂದು ಹೋಗುತ್ತೇವೆ ಎಂದಳು. ಅಣ್ಣ ಟೆಂಪೊ ತೊಳೆಯುತ್ತಿದ್ದಾನೆ.